ಲಾಭವೇ ಇಲ್ಲದ ಶಾಲೆ, ಪಾಪದ ಟ್ರಸ್ಟಿಗಳು

ಈ ವಿಷಯ ತುಂಬಾ ಜನ ಅಪ್ಪ ಅಮ್ಮಂದಿರಿಗೆ ಗೊತ್ತೇ ಇರಲ್ಲ. ನಮ್ಮಲ್ಲಿ ಲಾಭ ಮಾಡ್ಕೊಳ್ಳೋಕೆ ಅಂತ ಶಾಲೆ ನಡೆಸೋ ಹಾಗಿಲ್ಲ. ಬೇಕರಿ ಇಡ್ಬೋದು, ಬಾರ್ ಇಡ್ಬೋದು, ಆಸ್ಪತ್ರೇನ ಕಂಪನಿ ಮಾಡಿ ಷೇರುಪೇಟೇಲೇ ಲಿಸ್ಟ್ ಮಾಡ್ಬೋದು, ಯಾರೂ ಬೇಡ ಅನ್ನಲ್ಲ. ಆದ್ರೆ ಶಾಲೆ ಅಂದ್ರೆ ಛೆ ಛೆ, ಸರಸ್ವತಿ ಅಲ್ವಾ. ಅದಕ್ಕೆ ಒಂದು ಚಾರಿಟಬಲ್ ಟ್ರಸ್ಟ್ ಬೇಕು, ಇಲ್ಲಾ ಕರ್ನಾಟಕ ಸೊಸೈಟಿಗಳ ನೋಂದಣಿ ಕಾಯ್ದೆ 1960ರಲ್ಲಿ ಒಂದು ಸೊಸೈಟಿ ಬೇಕು, ಇಲ್ಲಾ ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನ ಲಾಭ ಹಂಚಿಕೊಳ್ಳದ ಕಂಪನಿ ಬೇಕು. ಸಿಬಿಎಸ್‌ಇ ಅಫಿಲಿಯೇಶನ್ ಕೇಳೋಕೆ ಹೋದ್ರೂ ಇದೇ ಕಾಗದ ತನ್ನಿ ಅಂತಾರೆ. ಅಂದ್ರೆ ರಿಂಗ್ ರೋಡ್ ಪಕ್ಕ ಈಜುಕೊಳ, ಏಸಿ ಬಸ್ಸು, ಎಲ್‌ಕೆಜಿಗೇ ಒಂದೂವರೆ ಲಕ್ಷ ಫೀಸು ಇಟ್ಕೊಂಡಿರೋ ಶಾಲೆ ಇದ್ಯಲ್ಲ, ಕಾನೂನಿನ ಕಣ್ಣಲ್ಲಿ ಅದು ಧರ್ಮಕಾರ್ಯ. ನೀವು ಇಎಂಐ ಹಾಕಿ ಕಟ್ತಿರೋದು ಫೀಸಲ್ಲ ಸ್ವಾಮಿ, ಪುಣ್ಯ ಕಟ್ಕೊಳ್ತಿದೀರ.

ಈ ವಿಷಯದಲ್ಲಿ ಕನ್ನಡಿಗರು ಎದೆ ತಟ್ಕೊಳ್ಳೋ ಹಾಗಿದೆ, ಯಾಕಂದ್ರೆ ದೇಶದಲ್ಲಿ ಶಿಕ್ಷಣದ ದುಡ್ಡಿನ ಬಗ್ಗೆ ಸುಪ್ರೀಂ ಕೋರ್ಟಲ್ಲಿ ನಡೆದ ದೊಡ್ಡ ದೊಡ್ಡ ಕೇಸಲ್ಲಿ ಎಷ್ಟೋ ನಮ್ಮ ಕೊಡುಗೆನೇ. 1992ರ ಮೋಹಿನಿ ಜೈನ್ ಕೇಸು ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜು ವರ್ಷಕ್ಕೆ 60,000 ಕೇಳಿದ್ದಕ್ಕೆ ಹುಟ್ಟಿದ್ದು, 2002ರಲ್ಲಿ ಹನ್ನೊಂದು ಜನ ಜಡ್ಜ್‌ಗಳು ಕೂತು ತೀರ್ಪು ಕೊಟ್ಟ ಕೇಸಿನ ಹೆಸರಲ್ಲೇ ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಇದೆ. ಆ ತೀರ್ಪಿನ ಸಾರಾಂಶ ಏನಪ್ಪಾ ಅಂದ್ರೆ, ಕ್ಯಾಪಿಟೇಶನ್ (ಅಂದ್ರೆ ಸೀಟು ಕೊಡೋಕೆ ಫೀಸಿನ ಮೇಲೆ ಕೀಳೋ ದುಡ್ಡು) ತಗೋಬಾರ್ದು, ಲಾಭಕೋರತನ ಕೂಡದು, ಆದ್ರೆ ಸಂಸ್ಥೆ ಬೆಳೆಸೋಕೆ ಒಂದಿಷ್ಟು 'ನ್ಯಾಯವಾದ ಮಿಗತೆ' ಇರ್ಬೋದು. ಆ 'ನ್ಯಾಯವಾದ' ಅನ್ನೋ ಪದ ಇದ್ಯಲ್ಲ, ಅದರೊಳಗೆ ಎರಡು ಫಾರ್ಚುನರ್ ಆರಾಮಾಗಿ ಪಾರ್ಕ್ ಮಾಡ್ಬೋದು.

ಸರಿ, ಈ ಧರ್ಮಕಾರ್ಯ ನಡೆಸೋರು ಯಾರು? ಆಡಳಿತ ಮಂಡಳಿ. ಹೆಸರು ಕೇಳಿದ್ರೆ ಯಾರೋ ನಿವೃತ್ತ ಪ್ರೊಫೆಸರ್‌ಗಳು, ಡಾಕ್ಟರ್‌ಗಳು ಕನ್ನಡಕ ಹಾಕ್ಕೊಂಡು ಶಿಕ್ಷಣದ ಭವಿಷ್ಯ ಚರ್ಚೆ ಮಾಡ್ತಿರೋ ಚಿತ್ರ ಕಣ್ಣಿಗೆ ಬರತ್ತೆ. ಟ್ರಸ್ಟ್ ಡೀಡ್ ತೆಗೆದು ನೋಡಿ. ಅಧ್ಯಕ್ಷರು ಸಾಹೇಬ್ರು, ಕಾರ್ಯದರ್ಶಿ ಅವರ ಮನೆಯವರು, ಖಜಾಂಚಿ ಮನೆಯವರ ತಮ್ಮ, ಸದಸ್ಯರು ಮಗ ಸೊಸೆ, ಅಲಂಕಾರಕ್ಕೆ ಒಬ್ರು ರಿಟೈರ್ಡ್ ಡಿಡಿಪಿಐ, ಅಂದ್ರೆ ಜಿಲ್ಲೆಯ ಶಿಕ್ಷಣ ಇಲಾಖೇಲಿ ದೊಡ್ಡ ಸಾಹೇಬ್ರಾಗಿದ್ದೋರು. ಸಂಸ್ಥಾಪಕ ಟ್ರಸ್ಟಿ ಆಜೀವ ಟ್ರಸ್ಟಿ, ಅವರ ನಂತರ ಅವರ ವಂಶದ ಹಿರಿಯರು ಅಂತ ಡೀಡಲ್ಲೇ ಬರೆದಿರತ್ತೆ. ಮೈಸೂರು ಅರಮನೇಲಾದ್ರೂ ದತ್ತು ತಗೊಂಡಿದ್ದುಂಟು, ಇಲ್ಲಿ ಆ ತಾಪತ್ರಯವೂ ಇಲ್ಲ.

ಮಂಡಳಿಯ ಸಭೆ ಭಾನುವಾರ ಬೆಳಿಗ್ಗೆ ಡೈನಿಂಗ್ ಟೇಬಲ್ಲಲ್ಲಿ ನಡೆಯತ್ತೆ, ಕೋರಂಗೆ ಯಾವತ್ತೂ ಕೊರತೆ ಬರಲ್ಲ, ತಿಂಡಿಗೆ ಎಲ್ರೂ ಇರ್ತಾರಲ್ಲ. ನಡಾವಳಿ ಪುಸ್ತಕ ಮಾತ್ರ ಅಚ್ಚುಕಟ್ಟು, ಸಿ.ಎ. ಆಫೀಸಿನ ಹುಡುಗ ಮಾರ್ಚ್ ಕೊನೇ ವಾರ ಕೂತು ಇಡೀ ವರ್ಷದ್ದು ಒಂದೇ ಪೆನ್ನಲ್ಲಿ ಬರೀತಾನೆ. ನನ್ನ ಕಲ್ಪನೇಲಿ ಅದು ಹೀಗಿರತ್ತೆ:

"ಠರಾವು ಸಂಖ್ಯೆ 4: ಶಾಲೆ ಇರುವ ಜಾಗದ ಬಾಡಿಗೆ ಹೆಚ್ಚಳದ ಬಗ್ಗೆ ಸುದೀರ್ಘವಾಗಿ ಚರ್ಚಿಸಲಾಯಿತು. ಜಾಗದ ಮಾಲೀಕರಾದ ಶ್ರೀಮತಿಯವರು ಸಂಸ್ಥೆಯ ಆರ್ಥಿಕ ಮುಗ್ಗಟ್ಟನ್ನು ಮನಗಂಡು ಶೇಕಡಾ 15ರಷ್ಟು ಮಾತ್ರ ಹೆಚ್ಚಳಕ್ಕೆ ಒಪ್ಪಿದ್ದಕ್ಕಾಗಿ, ಕಾರ್ಯದರ್ಶಿಗಳಾದ ಅದೇ ಶ್ರೀಮತಿಯವರು ಸಂಸ್ಥೆಯ ಪರವಾಗಿ ಕೃತಜ್ಞತೆ ಸಲ್ಲಿಸಿದರು. ಸೂಚಿಸಿದವರು: ಅಧ್ಯಕ್ಷರು. ಅನುಮೋದಿಸಿದವರು: ಖಜಾಂಚಿಗಳು. ಸರ್ವಾನುಮತದಿಂದ ಅಂಗೀಕರಿಸಲಾಯಿತು."

ನಗಬೇಡಿ, ಇಡೀ ವ್ಯವಸ್ಥೆಯ ಬುದ್ಧಿವಂತಿಕೆ ಈ ಒಂದು ಠರಾವಲ್ಲಿದೆ. ಶಾಲೆ ಲಾಭ ಮಾಡೋ ಹಾಗಿಲ್ಲ, ಒಪ್ಪಿದ್ವಿ. ಆದ್ರೆ ಶಾಲೆಗೆ ಜಾಗ ಬಾಡಿಗೆಗೆ ಕೊಟ್ಟೋರು ಮಾಡ್ಬೋದಲ್ಲ? ಯೂನಿಫಾರಂ ಹೊಲಿಸೋ ಏಜೆನ್ಸಿ ಮಾಡ್ಬೋದು, ಅದು ಸೊಸೆ ಹೆಸರಲ್ಲಿದೆ. ಬಸ್ಸುಗಳು ಟ್ರಾವೆಲ್ಸ್‌ನವು, ಟ್ರಾವೆಲ್ಸ್ ಖಜಾಂಚಿಯವರದು. ಈಗ ಅದಕ್ಕಿಂತ ಮುಂದುವರೆದು ಶಾಲೆಯ ಹೆಸರು ಮತ್ತೆ ಲೋಗೋ ಕೂಡ ಬೇರೆ ಒಂದು ಪ್ರೈವೇಟ್ ಲಿಮಿಟೆಡ್ ಕಂಪನೀದು, ಆ ಲೋಗೋ ಗೇಟಿಗೆ ಹಾಕ್ಕೊಂಡಿದ್ದಕ್ಕೆ ಬಡಪಾಯಿ ಟ್ರಸ್ಟ್ ಪ್ರತಿ ವರ್ಷ ಆ ಕಂಪನಿಗೆ ರಾಯಲ್ಟಿ ಕಟ್ಟತ್ತೆ, ಜೊತೆಗೆ 'ಮ್ಯಾನೇಜ್‌ಮೆಂಟ್ ಸರ್ವೀಸ್' ಅಂತ ಇನ್ನೊಂದು ಬಿಲ್ಲು. ಟ್ರಸ್ಟಿಗಳಿಗೆ ಬೇಕಾದೋರಿಗೆ ಅತಿಯಾಗಿ ದುಡ್ಡು ಕೊಟ್ರೆ ಟ್ಯಾಕ್ಸ್ ವಿನಾಯಿತಿ ಹೋಗತ್ತೆ ಅಂತ ಇನ್ಕಮ್ ಟ್ಯಾಕ್ಸ್ ಕಾನೂನು ಹೇಳತ್ತೆ, ಆದ್ರೆ ನ್ಯಾಯವಾದ ಬಾಡಿಗೆ, ನ್ಯಾಯವಾದ ಸಂಬಳ ಕೊಡ್ಬೋದು. ನೋಡಿ, ಮತ್ತೆ ಬಂತು 'ನ್ಯಾಯವಾದ'. ಬಡಿಸೋನು ನಮ್ಮವನಾದ್ರೆ ಕೊನೇ ಪಂಕ್ತಿಲಿ ಕೂತ್ರೂ ಊಟ ಸಿಗತ್ತೆ ಅನ್ನೋ ಗಾದೆ ಮಾಡಿದೋರು ಇಲ್ಲಿ ಪಂಕ್ತೀಲಿ ಕೂತಿರೋರೂ ಅವರೇ ಅಂತ ಯೋಚ್ನೆನೇ ಮಾಡಿರ್ಲಿಲ್ಲ ಅನ್ಸತ್ತೆ.

ಇಷ್ಟಾದ್ಮೇಲೂ ದುಡ್ಡು ಉಳಿದ್ರೆ? ಉಳಿಯತ್ತೆ, ಅದೇ ತಲೆನೋವು. ಟ್ರಸ್ಟ್‌ಗೆ ಟ್ಯಾಕ್ಸ್ ವಿನಾಯಿತಿ ಬೇಕು ಅಂದ್ರೆ ವರ್ಷದ ಆದಾಯದಲ್ಲಿ 100ಕ್ಕೆ 85 ರೂಪಾಯಿನ ಉದ್ದೇಶಕ್ಕೇ ಖರ್ಚು ಮಾಡ್ಬೇಕು. ಟೀಚರ್‌ಗಳಿಗೆ ಸಂಬಳ ಜಾಸ್ತಿ ಮಾಡ್ಬೋದಿತ್ತು, ಆದ್ರೆ ಅದು ಒಂದ್ಸಲ ಏರಿದ್ರೆ ಇಳಿಯಲ್ಲ, ಕೆಟ್ಟ ಅಭ್ಯಾಸ. ಕಟ್ಟಡ ಕಟ್ಟಿದ್ರೂ ಉದ್ದೇಶಕ್ಕೆ ಖರ್ಚು ಮಾಡಿದ ಹಾಗೇ ಲೆಕ್ಕ. ಅದಕ್ಕೇ ಗಮನಿಸಿ, ಈ ಶಾಲೆಗಳ ಅಂಗಳದಲ್ಲಿ ಯಾವಾಗ್ಲೂ ಒಂದು ಮೂಲೇಲಿ ಜಲ್ಲಿ, ಎಂ-ಸ್ಯಾಂಡ್ ಬಿದ್ದಿರತ್ತೆ, ಮಕ್ಕಳು ಆಡೋ ಜಾಗ ವರ್ಷಾ ವರ್ಷ ಕಮ್ಮಿ ಆಗಿ ಬ್ಲಾಕ್ ಎ, ಬ್ಲಾಕ್ ಬಿ, ಅಮ್ಮನ ಹೆಸರಿನ ಆಡಿಟೋರಿಯಂ, ಅಪ್ಪನ ಪುತ್ಥಳಿ ಏಳ್ತಾ ಹೋಗತ್ತೆ. ಆಮೇಲೆ ಸರ್ಕ್ಯುಲರ್ ಬರತ್ತೆ, ಹೊಸ ಕಟ್ಟಡದ ಖರ್ಚಿಂದಾಗಿ ಅನಿವಾರ್ಯವಾಗಿ ಈ ವರ್ಷ ಫೀಸು ಪರಿಷ್ಕರಣೆ ಅಂತ. ಮಿಕ್ಕ ದುಡ್ಡು ಕರಗಿಸೋಕೆ ಕಟ್ಟಡ, ಕಟ್ಟಡದ ಖರ್ಚಿಗೆ ಫೀಸು, ಆ ಫೀಸಿಂದ ಮತ್ತೆ ಮಿಗತೆ, ಇದನ್ನ ನೋಡಿದ್ರೆ ಕೈಗಾದಲ್ಲಿ ಇರೋದೇ ರಿಯಾಕ್ಟರ್ ಅಂತ ಯಾಕೆ ಅಂದ್ಕೋಬೇಕು ಅನ್ಸತ್ತೆ.

ಡೊನೇಶನ್ ಬಗ್ಗೆ ಹೇಳಲೇಬೇಕು. ಕರ್ನಾಟಕದಲ್ಲಿ ಕ್ಯಾಪಿಟೇಶನ್ ನಿಷೇಧ ಕಾಯ್ದೆ 1984ರಿಂದ ಇದೆ, ಆಮೇಲೆ ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ, ಬಂದು ತಗೊಂಡ ಕ್ಯಾಪಿಟೇಶನ್‌ಗೆ ಹತ್ತು ಪಟ್ಟಿನವರೆಗೆ ದಂಡ ಅಂತು, ಮಗೂನ ಇಂಟರ್ವ್ಯೂ ಮಾಡಿದ್ರೆ ಮೊದಲ ಸಲ 25,000 ದಂಡ ಅಂತು. ಹಾಗಾಗಿ ಈಗ ಯಾರೂ ಡೊನೇಶನ್ ಕೇಳಲ್ಲ, ಯಾರೂ ಇಂಟರ್ವ್ಯೂ ಮಾಡಲ್ಲ. ಬರೀ 'ಇಂಟರಾಕ್ಷನ್'. ಮೂರೂವರೆ ವರ್ಷದ ಕೂಸು ಒಳಗೆ ಹೋಗಿ ಮಿಸ್ ಜೊತೆ ಇಂಟರಾಕ್ಟ್ ಮಾಡತ್ತೆ, ಅಪ್ಪ ಅಮ್ಮ ಅಕೌಂಟ್ಸ್ ಸೆಕ್ಷನ್ ಜೊತೆ ಇಂಟರಾಕ್ಟ್ ಮಾಡ್ತಾರೆ. ಅಲ್ಲಿ ಮೊದಲೇ ಟೈಪ್ ಮಾಡಿಟ್ಟ ಪತ್ರ ಇರತ್ತೆ: "ನಾನು ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ, ಸಂಸ್ಥೆಯ ಸಮಾಜಸೇವೆಯನ್ನು ಮೆಚ್ಚಿ..." ಮುಂದೆ ಮೊತ್ತದ ಜಾಗ ಖಾಲಿ ಅಂತ ಖುಷಿ ಪಡಬೇಡಿ, ಪೆನ್ಸಿಲಲ್ಲಿ ಬರೆದಿರತ್ತೆ, ನೀವು ಅದರ ಮೇಲೆ ಪೆನ್ನಲ್ಲಿ ತಿದ್ದಬೇಕು. ಎಲ್‌ಕೆಜಿ ಮಗೂಗೂ ಅದೇ, ಅಪ್ಪಂಗೂ ಅದೇ, ಚುಕ್ಕಿ ಸೇರಿಸಿ ಅಕ್ಷರ ಬರೆಯೋದು.

ಟೀಚರ್‌ಗಳ ವಿಷಯ ಜಾಸ್ತಿ ಬೇಡ, ಪಾಪ. ಎಷ್ಟೋ ಕಡೆ ಬ್ಯಾಂಕಿಗೆ ಬರೋ ಸಂಬಳ ಒಂದು, ಅದರಲ್ಲಿ ಡ್ರಾ ಮಾಡಿ ಆಫೀಸಿಗೆ ವಾಪಸ್ ಕೊಟ್ಟು ಉಳಿಯೋದು ಇನ್ನೊಂದು. ಲಾಭರಹಿತ ಅನ್ನೋ ತತ್ವವನ್ನ ಇಡೀ ಸಂಸ್ಥೇಲಿ ಅಕ್ಷರಶಃ ಪಾಲಿಸ್ತಿರೋರು ಅವರೊಬ್ರೇ.

ಈಗ ಇನ್ನೊಂದು ತಮಾಷೆ ಕೇಳಿ. ಸರ್ಕಾರಿ ಶಾಲೇಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಂತ ಇದೆ, 2001ರಿಂದ. ಕೂಲಿಗೆ ಹೋಗೋ ಅಮ್ಮ, ಆಟೋ ಓಡಿಸೋ ಅಪ್ಪ ಅದರಲ್ಲಿ ಮೆಂಬರ್ ಆಗಿ ಶಾಲೆಗೆ ಬಂದ ದುಡ್ಡೆಷ್ಟು, ಹೋದ ದುಡ್ಡೆಷ್ಟು, ಬಿಸಿಯೂಟದ ಮೊಟ್ಟೆ ಯಾಕೆ ಚಿಕ್ಕದಾಯ್ತು ಅಂತ ಹೆಡ್ ಮೇಷ್ಟ್ರನ್ನ ಕೂರಿಸಿ ಕೇಳ್ಬೋದು. ಆರ್‌ಟಿಇ ಕೂಡ ಅದನ್ನೇ ಹೇಳತ್ತೆ, ಶಾಲಾ ಸಮಿತೀಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧ ಹೆಂಗಸರಿರಬೇಕು. ಆದ್ರೆ ಆ ಸೆಕ್ಷನ್ನಿನ ಶುರೂನಲ್ಲೇ ಒಂದು ಸಣ್ಣ ಸಾಲಿದೆ, ಅನುದಾನ ಪಡೆಯದ ಖಾಸಗಿ ಶಾಲೆ ಬಿಟ್ಟು ಅಂತ. ಅಂದ್ರೆ ಒಂದು ಪೈಸೆ ಫೀಸು ಕಟ್ಟದ ಅಪ್ಪಂಗೆ ಲೆಕ್ಕ ಕೇಳೋ ಹಕ್ಕಿದೆ, ಎರಡು ಮಕ್ಕಳಿಗೆ ವರ್ಷಕ್ಕೆ ಮೂರು ಲಕ್ಷ ಕಟ್ಟೋ ಟೆಕ್ಕಿ ಅಪ್ಪಂಗೆ ಸ್ಪೋರ್ಟ್ಸ್ ಡೇ ದಿನ ಪ್ಲಾಸ್ಟಿಕ್ ಚೇರಲ್ಲಿ ಕೂತು ಚಪ್ಪಾಳೆ ಹೊಡಿಯೋ ಹಕ್ಕಿದೆ. ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕೋಣ ಅಂದ್ರೆ ಈ ಶಾಲೆಗಳು ನೇರವಾಗಿ ಅದರೊಳಗೆ ಬರಲ್ಲ, ಬಿಇಒ (ತಾಲೂಕಿನ ಶಿಕ್ಷಣಾಧಿಕಾರಿ) ಆಫೀಸಿಗೆ ಅವರು ಏನು ಕಾಗದ ಕೊಟ್ಟಿದಾರೋ ಅದನ್ನ ಕೇಳ್ಬೋದು, ಆ ಕಾಗದದಲ್ಲಿ ಶಾಲೆಗೆ ಆಟದ ಮೈದಾನ ಇರತ್ತೆ.

ಸರ್ಕಾರ ಸುಮ್ನೆ ಕೂತಿಲ್ಲ, ಅದೂ ನಿಜ. ಕೋವಿಡ್ ಟೈಮಲ್ಲಿ, 2021ರ ಜನವರೀಲಿ, ಟ್ಯೂಷನ್ ಫೀ 70 ಪರ್ಸೆಂಟ್ ಮಾತ್ರ ತಗೊಳ್ಳಿ ಅಂತ ಆದೇಶ ಮಾಡ್ತು. ಆಗ ನೋಡ್ಬೇಕಿತ್ತು, ಟ್ರಸ್ಟಿಗಳು ಬೀದಿಗಿಳಿದು ನಾವು ಬೀದಿಗೆ ಬಂದ್ವಿ ಅಂತ ಕೂಗಿದ್ರು. ಹೈಕೋರ್ಟ್‌ಗೆ ಹೋಗಿ ಸೆಪ್ಟೆಂಬರ್ ಹೊತ್ತಿಗೆ ಆ 30 ಪರ್ಸೆಂಟ್ ಕಡಿತ 15ಕ್ಕೆ ಇಳೀತು. ಆಮೇಲೆ 2023ರ ಜನವರೀಲಿ ಅನುದಾನರಹಿತ ಶಾಲೆಗಳ ಫೀಸು ನಿಯಂತ್ರಿಸೋ ಶಿಕ್ಷಣ ಕಾಯ್ದೆಯ ಸೆಕ್ಷನ್ನೇ ಅವಕ್ಕೆ ಅನ್ವಯಿಸಲ್ಲ ಅಂತ ಹೈಕೋರ್ಟ್ ಹೇಳ್ತು. ಇನ್ನು ಆರ್‌ಟಿಇ ಪ್ರಕಾರ ಖಾಸಗಿ ಶಾಲೇಲಿ ಬಡ ಮಕ್ಕಳಿಗೆ ಅಂತ ಇಟ್ಟ 25 ಪರ್ಸೆಂಟ್ ಸೀಟು, ಅದಕ್ಕೆ ಸರ್ಕಾರ ಒಂದನೇ ಕ್ಲಾಸಿನ ಮಗೂಗೆ 16,000ದವರೆಗೆ ಕೊಡ್ತಿತ್ತು, ಧರ್ಮಾತ್ಮರಿಗೆ ಅದು ಸಾಲ್ತಾ ಇರ್ಲಿಲ್ಲ, 2019ರಲ್ಲಿ ನಿಯಮ ಬದಲಾಗಿ ಪಕ್ಕದಲ್ಲಿ ಸರ್ಕಾರಿ ಇಲ್ಲಾ ಅನುದಾನಿತ ಶಾಲೆ ಇದ್ರೆ ಖಾಸಗಿ ಶಾಲೇಲಿ ಆ ಸೀಟೇ ಇಲ್ಲ ಅಂತಾಯ್ತು. ಚಾರಿಟಿ ಮಾಡೋರ ಕಷ್ಟ ಸರ್ಕಾರಕ್ಕೂ ಅರ್ಥ ಆಗತ್ತೆ.

(ಇದರ ಮಧ್ಯೆ ನಿಜವಾಗ್ಲೂ ಲಾಭ ಇಲ್ಲದ ಶಾಲೆಗಳೂ ಇವೆ, ಅವರನ್ನ ಇದರಲ್ಲಿ ಸೇರಿಸಿದ್ರೆ ನನ್ನ ನಾಲಿಗೆಗೆ ಹುಳ ಬೀಳತ್ತೆ. ಹೋಬಳಿ ಊರಲ್ಲಿ 1995ರ ನಂತರ ಕನ್ನಡ ಮೀಡಿಯಂ ಶಾಲೆ ತೆಗೆದು, ಇವತ್ತು ಬರತ್ತೆ ನಾಳೆ ಬರತ್ತೆ ಅಂತ ಅನುದಾನಕ್ಕೆ ವಿಧಾನಸೌಧದ ಮೆಟ್ಟಿಲು ಸವೆಸ್ತಾ ಇರೋರು. ಅವರ ಶಾಲೆಗೆ ಲೋಗೋನೇ ಇಲ್ಲ, ರಾಯಲ್ಟಿ ಎಲ್ಲಿಂದ ಬರ್ಬೇಕು.)

ಹೋದ ವರ್ಷ ನಮ್ಮ ಕಡೆಯ ಒಂದು ಶಾಲೇಲಿ ಪೋಷಕರ ಸಭೆ ಇತ್ತು. ವಾಟ್ಸಾಪ್ ಗ್ರೂಪಲ್ಲಿ ಹಿಂದಿನ ರಾತ್ರಿಯೆಲ್ಲಾ ಕ್ರಾಂತಿ, ಆಡಿಟ್ ರಿಪೋರ್ಟ್ ಕೇಳೋಣ, ಎಲ್ಲರೂ ಒಟ್ಟಿಗೆ ಎದ್ದು ನಿಲ್ಲೋಣ, ಒಗ್ಗಟ್ಟಲ್ಲಿ ಬಲ ಇದೆ, ನೂರಾ ಎಂಟು ಥಂಬ್ಸ್ ಅಪ್. ಬೆಳಿಗ್ಗೆ ಸಭೇಲಿ ಪಿಪಿಟಿ ಮುಗಿದ್ಮೇಲೆ ಪ್ರಶ್ನೆ ಇದ್ಯಾ ಅಂದಾಗ ಒಬ್ರೇ ಒಬ್ರು ಎದ್ದು, "ಸರ್, ಡೆವಲಪ್‌ಮೆಂಟ್ ಫೀ ಅಂತ ತಗೊಳ್ತೀರಲ್ಲ, ಅದರ ಲೆಕ್ಕ ಒಂದ್ಸಲ ತೋರಿಸ್ಬೋದಾ" ಅಂತ ಕೇಳಿದ್ರು. ಅಧ್ಯಕ್ಷರು ಒಂಚೂರೂ ಸಿಟ್ಟಾಗ್ಲಿಲ್ಲ, ಮೈಕ್ ಹತ್ರ ತಗೊಂಡು ತುಂಬಾ ಪ್ರೀತಿಯಿಂದ ಕೇಳಿದ್ರು, "ಒಳ್ಳೇ ಪ್ರಶ್ನೆ ಸರ್, ನಿಮ್ಮ ಮಗು ಯಾವ ಕ್ಲಾಸು, ಯಾವ ಸೆಕ್ಷನ್ನು?"

ಆ ಅಪ್ಪ ಕೂತ್ರು. ಪಕ್ಕದಲ್ಲಿದ್ದ ಅವರ ಮಿಸೆಸ್ ಎದ್ದು, ಕ್ಯಾಂಟೀನ್ ಇಡ್ಲಿ ತುಂಬಾ ಸಾಫ್ಟಾಗಿದೆ ಸರ್, ಥ್ಯಾಂಕ್ಸ್ ಅಂದ್ರು. ಆ ಕ್ಯಾಂಟೀನ್ ಯಾರದು ಅಂತ ಬೇರೆ ಹೇಳಬೇಕಾ, ಮಂಡಳೀಲಿ ಇನ್ನೂ ಮಗ ಒಬ್ಬ ಬಾಕಿ ಇದ್ನಲ್ಲ.