ಮತ್ತೊಮ್ಮೆ ಪತ್ತೆಯಾದ ಚನ್ನಪಟ್ಟಣ

ಚನ್ನಪಟ್ಟಣ ಮತ್ತೊಮ್ಮೆ ಪತ್ತೆಯಾಗಿದೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ ರೈಲ್ವೆ ನಿಲ್ದಾಣ, ತಾಲ್ಲೂಕು ಕಚೇರಿ, ವಿಧಾನಸಭಾ ಕ್ಷೇತ್ರ ಎಲ್ಲವನ್ನೂ ಬಹಿರಂಗವಾಗಿಯೇ ಇಟ್ಟುಕೊಂಡು ಕುಳಿತಿರುವ ಈ ಊರನ್ನು ನಮ್ಮ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯ ತರುಣರೊಬ್ಬರು ಕಳೆದ ಶನಿವಾರ ಕಂಡುಹಿಡಿದು, ‘ಯಾರಿಗೂ ಗೊತ್ತಿಲ್ಲದ ಗೊಂಬೆಗಳ ಲೋಕ’ ಎಂಬ ಒಕ್ಕಣೆಯೊಂದಿಗೆ ನಲವತ್ತು ಸೆಕೆಂಡುಗಳ ರೀಲ್ ಮಾಡಿ ಜಗತ್ತಿಗೆ ಸಾರಿದರು. ಅದನ್ನು ನೋಡಿದ ಕೂಡಲೇ ನನಗೆ ವಾಸ್ಕೋ ಡ ಗಾಮನ ನೆನಪಾಯಿತು. 1498ರಲ್ಲಿ ಆತ ಕಲ್ಲಿಕೋಟೆಯನ್ನು ‘ಕಂಡುಹಿಡಿದಾಗ’ ಅಲ್ಲಿನ ಜನ ತಲೆತಲಾಂತರದಿಂದ ಅರಬರಿಗೆ ಮೆಣಸು ಮಾರಿಕೊಂಡು ತಮ್ಮ ಪಾಡಿಗೆ ತಾವಿದ್ದರು. ಆದರೂ ಗಾಮನ ಪರವಾಗಿ ಒಂದು ಮಾತು ಹೇಳಲೇಬೇಕು: ಹಿಂದಿರುಗುವಾಗ ಆತ ಒಂದಿಷ್ಟು ಸರಕನ್ನಾದರೂ ಕೊಂಡು ಹೋದ. ನಮ್ಮ ತರುಣರು ಬುಗುರಿಯೊಂದನ್ನು ಅಂಗೈ ಮೇಲೆ ಆಡಿಸಿ, ಮೂರು ಕೋನಗಳಿಂದ ಚಿತ್ರೀಕರಿಸಿ, ಮತ್ತೆ ಬುಟ್ಟಿಗೇ ಹಾಕಿ ಬಂದಿದ್ದರು.

ಇದನ್ನು ಆಕ್ಷೇಪಣೆಯೆಂದು ಯಾರೂ ತಿಳಿಯಬಾರದು. ಕುಶಲಕರ್ಮಿಯನ್ನು ಬೆಂಬಲಿಸುವುದೆಂದರೆ ಆತ ಮಾಡಿದ ವಸ್ತುವನ್ನು ಆತ ಹೇಳಿದ ಬೆಲೆಗೆ ಕೊಳ್ಳುವುದು ಎಂಬ ಹಳೆಯ ಕಾಲದ ತಪ್ಪು ಕಲ್ಪನೆ ಈಗ ದೂರವಾಗಿದ್ದು, ಆತನನ್ನು ಆಗಾಗ ಕಂಡುಹಿಡಿಯುತ್ತಿರುವುದೇ ನಿಜವಾದ ಬೆಂಬಲವೆಂದು ಸಮಾಜವೂ ಸರ್ಕಾರವೂ ಒಮ್ಮತಕ್ಕೆ ಬಂದಿವೆ. ಕೊಂಡರೆ ಅಲ್ಲಿಗೆ ವ್ಯವಹಾರ ಮುಗಿದುಹೋಗುತ್ತದೆ. ಕಂಡುಹಿಡಿಯುವುದನ್ನಾದರೆ ಎಷ್ಟು ಸಲ ಬೇಕಾದರೂ ಮಾಡಬಹುದು.

ಸರ್ಕಾರದ ಶೋಧನೆಗಳು ಎಷ್ಟು ಶಿಸ್ತುಬದ್ಧವಾಗಿರುತ್ತವೆ ಎಂಬುದಕ್ಕೆ 2020ರ ಬೇಸಿಗೆಯ ನಂತರದ ಐದು ವಾರಗಳನ್ನು ಗಮನಿಸಬೇಕು. ಜುಲೈ 27ರಂದು ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ರದ್ದು ಮಾಡಲಾಯಿತು. ಆಗಸ್ಟ್ 3ರಂದು ಅಖಿಲ ಭಾರತ ಕರಕುಶಲ ಮಂಡಳಿಯನ್ನೂ ರದ್ದು ಮಾಡಲಾಯಿತು. ಆಗಸ್ಟ್ 7ರಂದು, 1905ರ ಸ್ವದೇಶಿ ಚಳವಳಿಯ ಸ್ಮರಣೆಗೆಂದು 2015ರಿಂದ ಆಚರಿಸಿಕೊಂಡು ಬಂದಿರುವ ರಾಷ್ಟ್ರೀಯ ಕೈಮಗ್ಗ ದಿನವನ್ನು ಸಂಭ್ರಮದಿಂದ ಆಚರಿಸಲಾಯಿತು. ಆಗಸ್ಟ್ 30ರಂದು ಪ್ರಧಾನಿಯವರು ಬಾನುಲಿ ಭಾಷಣದಲ್ಲಿ ದೇಶದ ಆಟಿಕೆ ಪರಂಪರೆಯನ್ನು ಕೊಂಡಾಡುತ್ತ ಚನ್ನಪಟ್ಟಣದ ಹೆಸರನ್ನೂ ಹೇಳಿದರು. ಮಂಡಳಿಗಳಲ್ಲಿ ನೇಕಾರರ, ಕುಶಲಕರ್ಮಿಗಳ ಪ್ರತಿನಿಧಿಗಳು ಕುಳಿತು ಕಾಫಿ ಕುಡಿದು ನಾಲ್ಕು ಮಾತು ಆಡುವುದಕ್ಕೆ ಅವಕಾಶವಿತ್ತು. ಮಾತನಾಡುವ ಆ ಕಷ್ಟವನ್ನು ಅವರ ಮೇಲಿಂದ ಇಳಿಸಿ ಕೇಳುವ ಸುಖವನ್ನು ಮಾತ್ರ ಉಳಿಸಿಕೊಟ್ಟದ್ದನ್ನು ‘ಕನಿಷ್ಠ ಸರ್ಕಾರ, ಗರಿಷ್ಠ ಆಡಳಿತ’ ಎಂದು ಕರೆಯಲಾಯಿತು.

ನಮ್ಮ ರಾಜ್ಯವೂ ಹಿಂದೆ ಬೀಳಲಿಲ್ಲ. 2022ರ ಗಣರಾಜ್ಯೋತ್ಸವಕ್ಕೆ ಕರ್ನಾಟಕ ಕಳಿಸಿದ ಸ್ತಬ್ಧಚಿತ್ರದ ವಿಷಯವೇ ಸಾಂಪ್ರದಾಯಿಕ ಕರಕುಶಲ ಕಲೆಗಳು. ಅದರಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಪ್ರತಿಮೆಯೂ ಇತ್ತು. 1952ರಲ್ಲಿ ಕರಕುಶಲ ಮಂಡಳಿ ಹುಟ್ಟಿದಾಗ ಅದನ್ನು ಮುನ್ನಡೆಸಿದವರು ಈ ಕಮಲಾದೇವಿಯವರೇ. ಅವರು ಕಟ್ಟಿದ ಮಂಡಳಿ ಇಲ್ಲವಾಗಿ ಒಂದೂವರೆ ವರ್ಷವಾಗುವ ಹೊತ್ತಿಗೆ ಅವರ ಪ್ರತಿಮೆ ದೆಹಲಿಯ ರಾಜಪಥದಲ್ಲಿ, ಗಣ್ಯರ ಕಣ್ಣೆದುರಿಗೆ, ನಿಧಾನವಾಗಿ ಸಾಗಿಹೋಯಿತು. ‘ಸ್ತಬ್ಧಚಿತ್ರ’ ಎಂಬ ಪದವನ್ನು ಕನ್ನಡಕ್ಕೆ ತಂದ ಪುಣ್ಯಾತ್ಮರು ಎಷ್ಟು ದೂರದೃಷ್ಟಿಯವರಾಗಿದ್ದರೆಂದು ಅಂದು ನನಗೆ ಅರ್ಥವಾಯಿತು.

ಕಂಡುಹಿಡಿದ ಮೇಲೆ ಕಂಡದ್ದು ಅದೇ ಹೌದೇ ಎಂದು ಖಾತ್ರಿಪಡಿಸಿಕೊಳ್ಳಬೇಕಲ್ಲ. ಚನ್ನಪಟ್ಟಣದ ಗೊಂಬೆಗೆ ಜಿಐ ಟ್ಯಾಗ್, ಅಂದರೆ ಇದು ಇಂಥ ಊರಿನದೇ ವಿಶಿಷ್ಟ ಸರಕು ಎಂಬ ಕಾನೂನಿನ ಗುರುತು, ಬಂದು ಇಪ್ಪತ್ತು ವರ್ಷಗಳಾಗುತ್ತ ಬಂದವು. ಇಳಕಲ್ ಸೀರೆ, ಬೀದರಿನ ಬಿದ್ರಿ, ಕಿನ್ನಾಳದ ಗೊಂಬೆ, ನವಲಗುಂದದ ಜಮಖಾನಗಳಿಗೂ ಅದು ಬಂದಿದೆ. ಆದರೆ ಟ್ಯಾಗ್ ಬಂದದ್ದು ಊರಿನ ಗೊಂಬೆಗೇ ಹೊರತು ಗೊಂಬೆ ಮಾಡುವವನಿಗಲ್ಲ. ಆತ ‘ಅಧಿಕೃತ ಬಳಕೆದಾರ’ನಾಗಬೇಕಾದರೆ, ಅಂದರೆ ತನ್ನ ತಾತನ ಕಾಲದಿಂದ ಮಾಡುತ್ತಿರುವುದನ್ನು ತಾನು ಮಾಡುತ್ತಿದ್ದೇನೆ ಎಂದು ಕಾನೂನಿನ ಪ್ರಕಾರ ಹೇಳಿಕೊಳ್ಳಬೇಕಾದರೆ, ಬೇರೆಯೇ ಅರ್ಜಿ ಹಾಕಿ ನೋಂದಾಯಿಸಿಕೊಳ್ಳಬೇಕು. ಇದಲ್ಲದೆ ಕೇಂದ್ರದ ಕರಕುಶಲ ಇಲಾಖೆಯವರು ಕೊಡುವ ‘ಪೆಹಚಾನ್’ ಎಂಬ ಗುರುತಿನ ಚೀಟಿಯೂ ಇದೆ. ಅರಗಿನ ಬಣ್ಣ ಉಗುರಿನ ಸಂದಿನಲ್ಲಿ ಜೀವಮಾನವಿಡೀ ಉಳಿದಿರುವ ಬೆರಳುಗಳು ಗುರುತಿಗೆ ಸಾಲುವುದಿಲ್ಲ.

ಅದೇ 2020ರಲ್ಲಿ ಆಟಿಕೆಗಳ ಗುಣಮಟ್ಟದ ಆದೇಶವೂ ಬಂದಿತು. ಅಗ್ಗದ ವಿದೇಶಿ ಪ್ಲಾಸ್ಟಿಕ್ ಆಟಿಕೆಗಳಿಂದ ಮಕ್ಕಳನ್ನು ರಕ್ಷಿಸಲು 2021ರ ಜನವರಿ 1ರಿಂದ ಎಲ್ಲ ಆಟಿಕೆಗಳಿಗೂ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮುದ್ರೆ ಕಡ್ಡಾಯವೆಂದು ಅದು ಸಾರಿತು. ಉದ್ದೇಶ ಒಳ್ಳೆಯದೇ. ಆದರೆ ‘ಎಲ್ಲ’ ಎಂಬ ಪದದೊಳಗೆ ಕಾರ್ಖಾನೆಯ ಮಾಲೀಕನೂ, ಮನೆಯ ಮುಂದಿನ ಕೋಣೆಯಲ್ಲಿ ಮರ ಕಡೆಯುವ ಒಂದೇ ಒಂದು ಲೇತ್ ಇಟ್ಟುಕೊಂಡವನೂ ಒಟ್ಟಿಗೇ ಸೇರಿಹೋಗಿದ್ದರು. ನೋಂದಾಯಿತ ಕುಶಲಕರ್ಮಿಗಳಿಗೂ ಜಿಐ ಪಡೆದ ಆಟಿಕೆಗಳಿಗೂ ವಿನಾಯಿತಿ ಕೊಡಬೇಕೆಂಬುದು ಹೊಳೆದದ್ದು ಡಿಸೆಂಬರ್‌ನಲ್ಲಿ, ಗಡುವಿಗೆ ಕೆಲವೇ ವಾರಗಳು ಉಳಿದಿದ್ದಾಗ. ಆಗಸ್ಟ್‌ನಲ್ಲಿ ದೇಶದ ಹೆಮ್ಮೆಯಾಗಿದ್ದ ಗೊಂಬೆಯವನು ಅಲ್ಲಿಯವರೆಗೆ ಕಾಗದದ ಮೇಲೆ ಪರವಾನಗಿಯಿಲ್ಲದ ತಯಾರಕನಾಗಲು ಸರತಿಯಲ್ಲಿ ನಿಂತಿದ್ದ.

ಇನ್ನು ಸನ್ಮಾನದ ವಿಷಯ. ಇದನ್ನು ನಾನು ಕಣ್ಣಾರೆ ಕಂಡದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಕೈಮಗ್ಗ ದಿನದಂದೇ, ನಗರದ ಸಭಾಂಗಣವೊಂದರಲ್ಲಿ ನಡೆದ ಸಮಾರಂಭಕ್ಕೆ ಎರಡು ಮಾತು ಆಡಲು ನನ್ನನ್ನೂ ಕರೆದಿದ್ದರು. ಉತ್ತರ ಕರ್ನಾಟಕದಿಂದ ಬಂದಿದ್ದ ಹಿರಿಯ ನೇಕಾರ ಮಹಿಳೆಯೊಬ್ಬರು ವೇದಿಕೆಯ ತುದಿಯ ಕುರ್ಚಿಯಲ್ಲಿ ಸೆರಗನ್ನು ಹೊದ್ದು ಕುಳಿತಿದ್ದರು. ಒಡಲನ್ನೂ ಸೆರಗನ್ನೂ ಬೇರೆಬೇರೆ ಹಾಸಿನಲ್ಲಿ ತೆಗೆದುಕೊಂಡು, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ಇಳಕಲ್ ಸೀರೆ ಅವರ ಮೈಮೇಲಿತ್ತು. ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವಿಕೆ, ಉದ್ಘಾಟಕರ ಭಾಷಣ, ಅಧ್ಯಕ್ಷರ ಭಾಷಣ ಎಲ್ಲ ಮುಗಿದು, ಅಜ್ಜಿಯ ಹೆಸರನ್ನು ಎರಡು ಸಲ ತಪ್ಪಾಗಿ ಓದಿ, ಕೊನೆಗೆ ಅವರಿಗೆ ಶಾಲು ಹೊದಿಸಲಾಯಿತು. ಛಾಯಾಗ್ರಾಹಕರು ಇನ್ನೊಮ್ಮೆ ಎಂದದ್ದರಿಂದ ತೆಗೆದು ಮತ್ತೊಮ್ಮೆ ಹೊದಿಸಲಾಯಿತು. ಆ ನಡುವೆ ಅಜ್ಜಿಯ ಹೆಬ್ಬೆರಳೂ ತೋರುಬೆರಳೂ ಶಾಲಿನ ಅಂಚನ್ನು ಹಿಡಿದು ಒಮ್ಮೆ ಉಜ್ಜಿ ನೋಡಿದ್ದನ್ನು ನಾನು ಕಂಡೆ. ಅದು ಬೇಕೆಂದು ಮಾಡಿದ ಪರೀಕ್ಷೆಯಲ್ಲ. ಅರವತ್ತು ವರ್ಷ ಬಟ್ಟೆ ಮುಟ್ಟಿದ ಬೆರಳುಗಳ ರೂಢಿ. ಅವರ ಮುಖದಲ್ಲಿ ಸಣ್ಣ ನಗೆಯೊಂದು ಬಂದು ಹೋಯಿತು. ಶಾಲು ಪವರ್‌ಲೂಮಿನ ಪಾಲಿಯೆಸ್ಟರ್ ಆಗಿತ್ತು. ಜೊತೆಗೆ ಕೊಟ್ಟ ಸ್ಮರಣಿಕೆ ಅಕ್ರಿಲಿಕ್‌ನದು. ಅದರ ಮೇಲೆ ಕೈಮಗ್ಗದ ಚಿತ್ರವನ್ನು ಲೇಸರಿನಿಂದ ಬಹಳ ಚೆನ್ನಾಗಿ ಕೊರೆದಿದ್ದರು.

ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆಂದೇ ಮೀಸಲಿಡುವ ಕಾಯ್ದೆ ನಮ್ಮ ದೇಶದಲ್ಲಿ 1985ರಿಂದ ಇದೆ. ಮೊದಲು 22 ಬಗೆಗಳಿದ್ದ ಪಟ್ಟಿ ಈಗ 11ಕ್ಕೆ ಇಳಿದಿದೆ. ಅದರಲ್ಲಿ ಸೀರೆ, ಧೋತಿ, ಟವೆಲ್, ಶಾಲುಗಳಿವೆ. ಸನ್ಮಾನದ ಶಾಲು ಎಂಬ ಪ್ರತ್ಯೇಕ ವರ್ಗವೊಂದನ್ನು ಸೇರಿಸಬೇಕೆಂದು ಕಾಯ್ದೆ ಬರೆದವರಿಗೆ ಹೊಳೆದಿರಲಿಕ್ಕಿಲ್ಲ. ಹೊಳೆದಿದ್ದರೆ ಕರ್ನಾಟಕದ ಸಭೆ ಸಮಾರಂಭಗಳಿಂದಲೇ ನೇಕಾರರ ಕುಟುಂಬಗಳು ಬದುಕಿಕೊಳ್ಳುತ್ತಿದ್ದವು.

ಬೆಂಬಲದ ಮಾತು ಬಂದ ಮೇಲೆ ರಸ್ತೆಯನ್ನು ಮರೆಯುವಂತಿಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೂರು ಗಂಟೆಯ ಪ್ರಯಾಣವನ್ನು ಎಪ್ಪತ್ತೈದು ನಿಮಿಷಕ್ಕೆ ಇಳಿಸುತ್ತದೆಂದು ಹೇಳಲಾಯಿತು. ಉಳಿದ ಆ ಒಂದೂ ಮುಕ್ಕಾಲು ಗಂಟೆಯಲ್ಲಿ ಹಿಂದೆ ಜನ ಏನು ಮಾಡುತ್ತಿದ್ದರು ಎಂದು ಯೋಜನೆಯ ಕಡತದಲ್ಲಿ ಯಾರೂ ಕೇಳಿದಂತಿಲ್ಲ. ಚನ್ನಪಟ್ಟಣದಲ್ಲಿ ಕಾರು ನಿಲ್ಲಿಸಿ, ಮಗು ಹಟ ಮಾಡಿತೆಂದು ಕುದುರೆಯನ್ನೋ ತೊಟ್ಟಿಲಿಗೆ ಕಟ್ಟುವ ಗಿಲಕಿಯನ್ನೋ ಕೊಂಡು, ಮದ್ದೂರಿನಲ್ಲಿ ಇಳಿದು ವಡೆ ತಿನ್ನುತ್ತಿದ್ದರು. ಈಗ ರಾಮನಗರವನ್ನೂ ಚನ್ನಪಟ್ಟಣವನ್ನೂ ಒಂದೇ ಬೈಪಾಸ್ ಬಳಸಿಕೊಂಡು ಹೋಗುತ್ತದೆ. ಹಳೆಯ ಹೆದ್ದಾರಿಯುದ್ದಕ್ಕೂ ಇದ್ದ ಗೊಂಬೆ ಅಂಗಡಿಗಳಿಗೆ ಟ್ರಾಫಿಕ್ಕಿನ ಹೊಗೆಯಿಂದ ಸಂಪೂರ್ಣ ಮುಕ್ತಿ ದೊರೆತಿದೆ. ಗಿರಾಕಿಗಳಿಂದಲೂ ಸಾಕಷ್ಟು ಮಟ್ಟಿಗೆ ದೊರೆತಿದೆ. ಊರನ್ನು ‘ಬೊಂಬೆಗಳ ನಾಡು’ ಎಂದು ಹೊಗಳಿ, ಅದೇ ಊರನ್ನು ತಪ್ಪಿಸಿ ಹೋಗಲು ಸಾವಿರಾರು ಕೋಟಿ ಖರ್ಚು ಮಾಡಿರುವ ಉದಾಹರಣೆ ಬೇರೆ ಕಡೆ ಸಿಗುವುದು ಕಷ್ಟ. ಸಾಲದ್ದಕ್ಕೆ 2025ರಲ್ಲಿ ರಾಮನಗರ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಎಂದು ಬದಲಾಯಿಸಲಾಯಿತು. ಆದ್ದರಿಂದ ಬೆಂಗಳೂರಿನವರು ಚನ್ನಪಟ್ಟಣಕ್ಕೆ ಹೋಗುವ ಅಗತ್ಯವೇ ಇಲ್ಲ; ಚನ್ನಪಟ್ಟಣವೇ ಬೆಂಗಳೂರಿಗೆ ಬಂದಿದೆ.

ಹೀಗೆ ಬಂದ ಚನ್ನಪಟ್ಟಣವನ್ನು ನಗರದ ಮಾಲ್‌ಗಳಲ್ಲಿಯೂ ಕಂಪನಿಗಳ ಆವರಣಗಳಲ್ಲಿಯೂ ಆಗಾಗ ಕಾಣಬಹುದು. ಕುಶಲಕರ್ಮಿಯನ್ನು ಹಬ್ಬದ ಮೇಳಕ್ಕೆ ಕರೆಸಿ, ಮಡಚುವ ಮೇಜೊಂದನ್ನು ಕೊಟ್ಟು, ಅದರ ಬಾಡಿಗೆಯನ್ನು ಆತನಿಂದಲೇ ಪಡೆದು, ಇಡೀ ದಿನ ‘ಲೈವ್ ಡೆಮೊ’ ಕೊಡಿಸುತ್ತಾರೆ. ಕೂಲಿಯ ಮಾತೆತ್ತಿದರೆ ಪ್ರಚಾರ ಸಿಗುತ್ತದಲ್ಲ ಎನ್ನುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಮಹಿಳೆಯೊಬ್ಬರು ಮಗನ ಹುಟ್ಟುಹಬ್ಬದ ರಿಟರ್ನ್ ಗಿಫ್ಟಿಗೆಂದು ನೂರು ಬುಗುರಿ ಬೇಕೆಂದು ಕೇಳಿ, ನೂರು ತೆಗೆದುಕೊಳ್ಳುವುದರಿಂದ ಅರ್ಧ ಬೆಲೆಗೆ ಕೊಡಿ, ಲೋಕಲ್‌ಗೆ ಸಪೋರ್ಟ್ ಮಾಡಬೇಕೆಂದೇ ನಿಮ್ಮ ಹತ್ತಿರ ಬಂದಿದ್ದೇವೆ ಎಂದರಂತೆ. ನೂರು ಬುಗುರಿ ಮಾಡಲು ಒಂದು ಬುಗುರಿಯ ನೂರರಷ್ಟು ಹೊತ್ತು ಬೇಕು ಎಂಬ ಲೆಕ್ಕ ಕಾರ್ಖಾನೆಯ ಸರಕಿಗೆ ಒಗ್ಗಿಹೋದ ನಮಗೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ.

ಇಷ್ಟೆಲ್ಲ ಬರೆಯುವವನು ತಾನೂ ಒಮ್ಮೆ ಹೋಗಿ ಬರಬೇಕು ಎನಿಸಿ ಹೋದ ಭಾನುವಾರ ಹೊರಟೆ. ಎಕ್ಸ್‌ಪ್ರೆಸ್‌ವೇ ಬಿಟ್ಟು ಊರೊಳಗಿನ ಹಳೆಯ ರಸ್ತೆಗೆ ಇಳಿದು, ಓಣಿಯೊಂದರಲ್ಲಿ ಲೇತಿನ ಸದ್ದು ಕೇಳಿಸಿದ ಮನೆಯ ಮುಂದೆ ನಿಂತೆ. ತಿಂಗಳುಗಟ್ಟಲೆ ಒಣಗಿಸಿದ ಆಲೆ ಮರದ ಬೆಳ್ಳನೆಯ ತುಂಡೊಂದು ಲೇತಿನ ಮೇಲೆ ಸುತ್ತುತ್ತಿತ್ತು. ಉಳಿ ತಾಗಿದಾಗ ಹೊರಳುವ ಹೊಟ್ಟು ಯಜಮಾನರ ಮೊಣಕಾಲ ಮೇಲೆ ಮಂಜಿನಂತೆ ಬೀಳುತ್ತಿತ್ತು. ಆಕಾರ ಬಂದ ಮೇಲೆ ಅವರು ಅರಗಿನ ಕೆಂಪು ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರು. ತಿಕ್ಕಾಟದ ಬಿಸಿಗೇ ಅರಗು ಕರಗಿ ಬಣ್ಣವಾಗಿ ಹರಡಿತು. ತಾಳೆಗರಿಯ ತುಂಡಿನಿಂದ ಒತ್ತುತ್ತ ಬಂದಂತೆ ಹೊಳಪು ಏರಿತು. ಬ್ರಷ್ ಇಲ್ಲ, ಡಬ್ಬದ ಬಣ್ಣವಿಲ್ಲ, ಒಣಗಲು ಕಾಯುವುದೂ ಇಲ್ಲ.

‘ವಿಡಿಯೊ ಮಾಡ್ಕೊಳ್ಳೋದಿದ್ರೆ ಮಾಡ್ಕೊಳಿ ಸಾರ್’ ಎಂದರು ತಲೆಯೆತ್ತದೆ.

ಇಲ್ಲ, ಸುಮ್ಮನೆ ನೋಡಲು ಬಂದೆ ಎಂದೆ.

‘ಬೆಳಗ್ಗೆಯಿಂದ ನೀವು ಮೂರನೆಯವರು. ಮೊದಲು ಬಂದವರು ಮಾತಾಡುವಾಗ ಸದ್ದಾಗುತ್ತೆ, ಲೇತ್ ನಿಲ್ಲಿಸಿ ಅಂದ್ರು. ನಿಲ್ಲಿಸ್ದೆ. ಆಮೇಲೆ ಈಗ ಕೆಲಸ ಮಾಡೋ ಥರ ಮಾಡಿ ಅಂದ್ರು. ಅಷ್ಟರಲ್ಲಿ ಅರಗು ಗಟ್ಟಿಯಾಗೋಗಿತ್ತು. ಆ ತುಂಡು ಹಾಳಾಯ್ತು.’ ಇದನ್ನು ಅವರು ದೂರಿನ ದನಿಯಲ್ಲಿ ಹೇಳಲಿಲ್ಲ. ಮಳೆ ಬಂತು ಎನ್ನುವಂತೆ ಹೇಳಿದರು. ಹಾಗೆ ಬಂದವರಲ್ಲಿ ಒಬ್ಬರು ಒಂದು ಕೀ ಚೈನ್ ಕೊಂಡರಂತೆ. ಇನ್ನೊಬ್ಬರು ಅವರ ಫೋನ್ ನಂಬರ್ ಬರೆದುಕೊಂಡು, ಮುಂದೊಂದು ದಿನ ದೊಡ್ಡ ಆರ್ಡರ್ ಕೊಡಿಸುವುದಾಗಿ ಹೇಳಿ ಹೋದರಂತೆ.

ಕಿಟಕಿಯ ಕಟ್ಟೆಯ ಮೇಲೆ ಮುಗಿದ ಗೊಂಬೆಗಳ ಸಾಲಿತ್ತು. ಗಾಲಿಯ ಮೇಲೆ ನಿಂತ ಹಳದಿ ಕುದುರೆಯೊಂದು ನನಗೆ ಬಹಳ ಹಿಡಿಸಿತು. ಕೈಗೆತ್ತಿಕೊಂಡು ನೋಡಿದೆ, ಎಲ್ಲೂ ಒಂದು ಚೂಪು ಅಂಚಿಲ್ಲ, ಮಗು ಬಾಯಿಗೆ ಹಾಕಿಕೊಂಡರೂ ಹೆದರಬೇಕಿಲ್ಲದ ಬಣ್ಣ. ಬೆಲೆ ಕೇಳಿದೆ.

‘ಇನ್ನೂರೈವತ್ತು ಸಾರ್.’

ನನ್ನ ಬಾಯಿಯಿಂದ ಮಾತು ತಾನಾಗಿ ಹೊರಟುಹೋಯಿತು: ‘ಲಾಸ್ಟ್ ಎಷ್ಟು?’

ಅವರು ಲೇತ್ ನಿಲ್ಲಿಸಿ ಮೊದಲ ಸಲ ನನ್ನ ಮುಖ ನೋಡಿದರು. ಆಮೇಲೆ ಇನ್ನೂರಿಪ್ಪತ್ತು ಕೊಡಿ ಎಂದರು. ಇನ್ನೂರಿಪ್ಪತ್ತು ಕೊಟ್ಟು, ಗೆದ್ದ ಸಂತೋಷದಿಂದ, ಕುದುರೆಯನ್ನು ಪಕ್ಕದ ಸೀಟಿನ ಮೇಲೆ ಕೂರಿಸಿಕೊಂಡು ಎಕ್ಸ್‌ಪ್ರೆಸ್‌ವೇ ಹತ್ತಿದೆ. ಬಿಡದಿ ದಾಟಿದ ಮೇಲೆ ಟೋಲ್ ಬಂದಿತು. ಫಾಸ್ಟ್‌ಟ್ಯಾಗ್‌ನಿಂದ ಎಷ್ಟು ಕಡಿತವಾಯಿತೆಂದು ನಾನು ಫೋನ್ ತೆಗೆದು ನೋಡಲೂ ಇಲ್ಲ. ಕೀಂ ಎಂದಿತು, ಗೇಟು ಏರಿತು, ಹಿಂದಿನ ಕಾರಿನವರು ಹಾರ್ನ್ ಹಾಕುವ ಮೊದಲೇ ನಾನು ಮುಂದೆ ಹೋದೆ.