ಎರಡಕ್ಷರದ ಹೆಸರು, ಮೂವತ್ತೆರಡು ಸ್ಪೆಲ್ಲಿಂಗು

ಮಗುವಿನ ಹೆಸರು ‘ಕಾವ್ಯ’ ಎಂದು ತೀರ್ಮಾನವಾಗಿದೆ. ಎರಡೂ ಕಡೆಯ ಅಜ್ಜಿಯರು ಒಪ್ಪಿದ್ದಾರೆ, ಅದೇ ಒಂದು ಪವಾಡ. ಕನ್ನಡದಲ್ಲಿ ಎರಡಕ್ಷರ ಬರೆದರೆ ಕೆಲಸ ಮುಗಿಯಿತು. ಆದರೆ ಇಷ್ಟು ಸುಲಭದಲ್ಲಿ ಮುಗಿಸಲು ಯಾರಿಗೆ ಮನಸ್ಸು ಬಂದೀತು? ಇಂಗ್ಲಿಷ್ ಸ್ಪೆಲ್ಲಿಂಗು ಬಾಕಿ ಇದೆಯಲ್ಲ.

ಮೊದಲಿಗೆ ಕೆ ಇಡುವುದೋ ಸಿ ಇಡುವುದೋ. ಆಮೇಲಿನ ದೀರ್ಘಕ್ಕೆ ಎ ಒಂದು ಸಾಕೋ ಎರಡು ಬೇಕೋ. ವಿಯೋ ಡಬ್ಲ್ಯುವೋ. ವೈ ಹಿಂದೆ ಐ ತುರುಕುವುದೋ ಬೇಡವೋ. ಕೊನೆಗೆ ಮತ್ತದೇ, ಎ ಒಂದೋ ಎರಡೋ. ಐದು ಕಡೆ ಎರಡೆರಡು ದಾರಿ. ಗುಣಿಸಿದರೆ 32 ಕಾವ್ಯರು. ದೊಡ್ಡವರ ಬಾಯಲ್ಲಿರುವ ಹಲ್ಲಿನಷ್ಟು. ಮಗುವಿಗಿನ್ನೂ ಒಂದೂ ಮೂಡಿಲ್ಲ.

ಇಲ್ಲಿ ಸಂಖ್ಯಾಶಾಸ್ತ್ರ ಕಾಲಿಡುತ್ತದೆ. ಹೆಸರಿನ ಇಂಗ್ಲಿಷ್ ಅಕ್ಷರಗಳಿಗೆ ಅಂಕಿ ಕೊಟ್ಟು ಕೂಡುವುದು ಅದರ ಕೆಲಸ. ಅದರ ಚಾಲ್ಡಿಯನ್ ಪದ್ಧತಿಯಲ್ಲಿ ಅಕ್ಷರಗಳ ಬೆಲೆ 1ರಿಂದ 8, ಪೈಥಾಗೊರಿಯನ್ನಿನಲ್ಲಿ 1ರಿಂದ 9. ಕೆ-ಎ-ವಿ-ವೈ-ಎ ಎಂದು ಬರೆದರೆ ಮೊದಲನೆಯದರಲ್ಲಿ 2+1+6+1+1, ಅಂದರೆ 11, ಅದನ್ನೂ ಕೂಡಿದರೆ 2. ಎರಡನೆಯದರಲ್ಲಿ 2+1+4+7+1, ಅಂದರೆ 15, ಕೂಡಿದರೆ 6. ಮಗು ಒಂದೇ, ಹಣೆಬರಹ ಎರಡು. ಬೇಕಾದ್ದನ್ನು ಆರಿಸಿಕೊಳ್ಳಬಹುದು.

ಆರಿಸಿದ ಅಂಕಿ ಸಿಗದಿದ್ದರೆ? ಎರಡೂ ಪದ್ಧತಿಯಲ್ಲಿ ಎ ಬೆಲೆ 1. ಎಷ್ಟು ಕಡಿಮೆ ಬಿದ್ದಿದೆಯೋ ಅಷ್ಟು ಎ ಸುರಿಯಿರಿ. ಚಾಲ್ಡಿಯನ್ನಿನಲ್ಲಿ 5 ಬರಬೇಕೆಂದರೆ ಇನ್ನೂ ಮೂರು ಎ: ಕೆ ಆದ ಮೇಲೆ ಮೂರು, ಕೊನೆಯಲ್ಲಿ ಎರಡು. ಓದಿದರೆ ಹಲ್ಲಿನ ಡಾಕ್ಟರು ಬಾಯಿ ತೆರೆಸಿದಂತೆ ಕೇಳುತ್ತದೆ, ಆದರೆ ಲೆಕ್ಕ ಪಕ್ಕಾ. ಪೈಥಾಗೊರಿಯನ್ನಿನವರು ಮಾತ್ರ ಐ ಸೇರಿಸಿ ಮೋಸ ಹೋಗಬೇಡಿ; ಅದರ ಬೆಲೆ 9, ಎಷ್ಟು ಒಂಬತ್ತು ಕೂಡಿದರೂ ಕೊನೆಯ ಒಂಟಿ ಅಂಕಿ ಅಲುಗುವುದಿಲ್ಲ. ಚಾಲ್ಡಿಯನ್ನಿನವರು ವಿ ತೆಗೆದು ಡಬ್ಲ್ಯು ಹಾಕಿದರೂ ಅಷ್ಟೇ, ಎರಡಕ್ಕೂ 6. ಅದೃಷ್ಟ ಇದ್ದಲ್ಲೇ ಇರುತ್ತದೆ, ಸ್ಪೆಲ್ಲಿಂಗು ಮಾತ್ರ ಕೆಡುತ್ತದೆ.

ಉಚ್ಚಾರಣೆ ಉಳಿಯಬೇಕು ಎನ್ನುವ ಹಟವಾದಿಗಳಿಗೆ ಭಾರತೀಯ ಲಿಪಿಗಳನ್ನು ರೋಮನ್ ಅಕ್ಷರಕ್ಕೆ ಇಳಿಸುವ ಅಂತಾರಾಷ್ಟ್ರೀಯ ಮಾನದಂಡ, 2001ರ ಐಎಸ್ಒ 15919 ಇದೆ: ಎ ನೆತ್ತಿಯ ಮೇಲೊಂದು ಅಡ್ಡಗೆರೆ ಎಳೆದರೆ ದೀರ್ಘ. ಶುದ್ಧ, ಸುಂದರ. ಪಾಸ್‌ಪೋರ್ಟಿನ ಅಡಿಯಲ್ಲಿ ಯಂತ್ರ ಓದುವ ಸಾಲಿಗೆ ಮಾತ್ರ ಗೆರೆಯ ಹಂಗಿಲ್ಲ. ಅಲ್ಲಿ ಹೆಸರಿಗೆ ಬರೀ 26 ಇಂಗ್ಲಿಷ್ ದೊಡ್ಡಕ್ಷರ. ಸಾಲಿನ 44 ಮನೆಗಳಲ್ಲಿ ಮೊದಲ ಐದು ದಾಖಲೆಯ ಬಗೆಗೂ ದೇಶಕ್ಕೂ ಹೋಗಿ ಪೂರ್ತಿ ಹೆಸರಿಗೆ 39 ಉಳಿಯುತ್ತವೆ. ಎ ಸುರಿಯುವವರು ಮನೆತನದ ಹೆಸರಿಗೂ ಸ್ವಲ್ಪ ಜಾಗ ಬಿಡಿ.

ಇನ್ನೊಂದು ತಮಾಷೆ. ಹೆಸರುಗಳನ್ನು ಸದ್ದಿನ ಮೇಲೆ ಹೊಂದಿಸುವ ಸೌಂಡೆಕ್ಸ್ ಎಂಬ ವಿಧಾನಕ್ಕೆ ಅಮೆರಿಕದಲ್ಲಿ 1918ರಲ್ಲೇ ಪೇಟೆಂಟ್ ಸಿಕ್ಕಿತ್ತು. ಮೊದಲ ಅಕ್ಷರ ಇಟ್ಟುಕೊಂಡು, ಸ್ವರಗಳನ್ನೂ ವೈಯನ್ನೂ ಕಿತ್ತೆಸೆದು, ಉಳಿದದ್ದಕ್ಕೆ ಅಂಕಿ ಕೊಡುತ್ತದೆ. ಕೆ ಮತ್ತು ವಿ ಇರುವ ಕಾವ್ಯರೆಲ್ಲ ಅದಕ್ಕೆ ಕೆ100. ಒಂಬತ್ತು ತಿಂಗಳು ಯೋಚಿಸಿ ಸೇರಿಸಿದ ಎಗಳು ಅದರ ಕಣ್ಣಿಗೇ ಬೀಳವು. ಆದರೆ ಟಿಕೆಟ್ ನೋಡುವವರು, ಪ್ರಮಾಣಪತ್ರ ತಾಳೆ ನೋಡುವವರು ಸೌಂಡೆಕ್ಸ್ ಬಳಸುವುದಿಲ್ಲ. ಅವರು ಬೆರಳಿಟ್ಟು ಒಂದೊಂದೇ ಎ ಎಣಿಸುತ್ತಾರೆ. ಜನನ ಪತ್ರದಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಎರಡು ಇದ್ದರೆ, ಇಬ್ಬರೂ ತಾನೇ ಎಂದು ಪ್ರಮಾಣ ಮಾಡಿ ಸಹಿ ಹಾಕುವ ಭಾಗ್ಯ ಕಾವ್ಯಳದ್ದು.

ಫೋನಿನಲ್ಲಿ ಹೆಸರು ಹೇಳುವುದನ್ನೂ ಈಗಿಂದಲೇ ಅಭ್ಯಾಸ ಮಾಡಿಸಿ: “ಕಾವ್ಯ. ಡಬಲ್ ಎ. ಅಲ್ಲ ಸರ್, ಮೊದಲಲ್ಲಿ ಅಲ್ಲ, ಕೊನೆಯಲ್ಲಿ. ಅಯ್ಯೋ, ಮೊದಲಿನದು ತೆಗೀರಿ. ಎರಡೂ ತೆಗೆದ್ರಾ?”