ಅಜ್ಜನಿಂದ ದೇಶಕ್ಕಾದ ನಷ್ಟ

ನಮ್ಮಜ್ಜ ದೇಶದ ಬೆಳವಣಿಗೆಗೆ ಅಡ್ಡಗಾಲು ಹಾಕಿದವರು ಅಂತ ಈಚೆಗಷ್ಟೇ ಗೊತ್ತಾಯಿತು. ಬಾಯಾರಿನ ಗುಡ್ಡದಲ್ಲಿ ಅವರು ತೋಡಿಸಿದ ಸುರಂಗವೇ ಸಾಕ್ಷಿ.

ಹೊರಗಿನವರಿಗೆ ಸುರಂಗ ಅಂದರೆ ರೈಲು ಹೋಗುವ ಜಾಗ. ಕಾಸರಗೋಡಿನ ನಮಗೆ ಅದು ನೀರು ಬರುವ ಜಾಗ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಬಗ್ಗಿಕೊಂಡು ಹೋಗುವಷ್ಟು ಜಾಗ ಮಾಡಿ, ಪಿಕ್ಕಾಸಿನಲ್ಲಿ ತೋಡುತ್ತಾ ಹೋಗುವುದು. ಒಳಗೆ ದೀಪ ಮಂಕಾದರೆ ಉಸಿರಾಡಲು ಗಾಳಿ ಸಾಲದು ಅಂತ ಅರ್ಥ, ಹೊರಗೆ ಓಡಿ ಬರಬೇಕು. ಒರತೆ ಸಿಕ್ಕಿತೋ, ನೀರು ತಾನಾಗಿ ಹರಿಯುತ್ತದೆ. ಅಡಿಕೆ ಮರ ಸೀಳಿ ಮಾಡಿದ ದಂಬೆ ಇಟ್ಟರೆ ಅಂಗಳಕ್ಕೇ ಬಂತು. ಪಂಪಿಲ್ಲ, ಕರೆಂಟಿಲ್ಲ, ಬಿಲ್ಲಿಲ್ಲ. ಐವತ್ತು ವರ್ಷ ಈ ನೀರು ಕುಡಿದು, ತೋಟಕ್ಕೂ ಬಿಟ್ಟು, ದುಡ್ಡು ಕೈ ಬದಲಾದದ್ದನ್ನಷ್ಟೇ ಎಣಿಸುವ ಜಿಡಿಪಿಗೆ ಬಿಡಿಕಾಸೂ ಕೊಡದೆ ಅಜ್ಜ ತೀರಿಕೊಂಡರು.

ನಾನು ಹಾಗಲ್ಲ. ನಾನು ಬೋರ್‌ವೆಲ್ ತೆಗೆಸಿದೆ. ಮೊದಲನೆಯದು 350 ಅಡಿ, ಬರೇ ಧೂಳು. ಅಂಗಳದ ತುಳಸಿ ಕೂಡ ಬೆಳ್ಳಗಾಯಿತು. ಸಿಕ್ಕದ ನೀರಿಗೂ ಅಡಿಗೆ ಇಷ್ಟು ಅಂತ ಎಣಿಸಿ ಕೊಟ್ಟೆ. ಲೆಕ್ಕದಲ್ಲಿ ಅದೂ ಬೆಳವಣಿಗೆಯೇ! ಎರಡನೆಯದು 600 ಅಡಿ, ಅದಕ್ಕೊಂದು ಪಂಪು. ನಾನೊಬ್ಬನೇ ಅಲ್ಲ, ಆಚೆ ಮನೆಯವರೂ ಕೊರೆಸಿದರು. ಸುರಂಗದ ನೀರು ಮಾರ್ಚಿಗೇ ಸೊರಗತೊಡಗಿತು. ಅದನ್ನು ಯಾರೂ ನಷ್ಟಕ್ಕೆ ಬರೆಯಲಿಲ್ಲ. ಬೆಲೆಯೇ ಇಲ್ಲದ್ದು ಹೋದರೆ ನಷ್ಟ ಹೇಗಾಗುತ್ತದೆ, ಅಲ್ವಾ? ವರ್ಷಕ್ಕೆ 3500 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಜಿಲ್ಲೆ ನಮ್ಮದು. ಎಪ್ರಿಲಿನಲ್ಲಿ ಟ್ಯಾಂಕರ್ ಬರುತ್ತದೆ. ಅದೂ ಬೆಳವಣಿಗೆ.

2024ರ ಬೇಸಿಗೆಯಲ್ಲಿ ಕೇರಳ ಒಂದೇ ದಿನ 11 ಕೋಟಿ ಯೂನಿಟ್ಟಿಗಿಂತ ಜಾಸ್ತಿ ಕರೆಂಟು ಉರಿಸಿ ದಾಖಲೆ ಮಾಡಿತು. ಅದರಲ್ಲಿ ನನ್ನ ಪಂಪಿನದೂ ಮಲಗುವ ಕೋಣೆಯ ಏಸಿಯದೂ ಅಳಿಲ ಸೇವೆ ಇದೆ. ರಾಜ್ಯದ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು. ದೇಶದ ಲೆಕ್ಕ ಹಿಡಿದರೆ ಹತ್ತರಲ್ಲಿ ಏಳು ಪಾಲು ಕಲ್ಲಿದ್ದಲಿನದು. ಕಲ್ಲಿದ್ದಲು ಉರಿಸಿದರೆ ಸೆಕೆ, ಸೆಕೆಯಾದರೆ ಏಸಿ, ಏಸಿ ಹಾಕಿದರೆ ಮತ್ತೆ ಕಲ್ಲಿದ್ದಲು. ಒಂದೊಂದು ಸುತ್ತಿಗೂ ಒಂದೊಂದು ಬಿಲ್ಲು.

ನನಗೆ ಸ್ವಲ್ಪ ಗಾಬರಿಯಾಗಿತ್ತು. ಸಮಾಧಾನ ಸಿಕ್ಕಿದ್ದು ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ ಅವರಿಂದ. 2018ರಲ್ಲಿ ಅವರಿಗೆ ನೊಬೆಲ್ ಬಂದದ್ದು ಹವಾಮಾನದ ಲೆಕ್ಕ ಹಾಕಿದ್ದಕ್ಕೇ. ಅಮೆರಿಕದ ಉತ್ಪನ್ನದಲ್ಲಿ ಶೇಕಡಾ 87 ಪಾಲಿಗೆ ಬಿಸಿ ಏರಿದರೂ ಹೇಳಿಕೊಳ್ಳುವಂಥ ತೊಂದರೆ ಇಲ್ಲ ಅಂತ 1991ರಲ್ಲಿ ಬರೆದಿದ್ದರು. ಜೋರಾಗಿ ಪೆಟ್ಟು ತಿನ್ನುವುದು ಬೇಸಾಯ ಮತ್ತು ಕಾಡು, ಬರೇ ಶೇಕಡಾ 3. (ಇಂಗಾಲಕ್ಕೆ ತೆರಿಗೆ ಹಾಕಿ ಅಂದವರೂ ಅವರೇ. ಆ ಮಾತು ಯಾರಿಗೆ ಬೇಕು?) ಒಟ್ಟಿನಲ್ಲಿ ಮಾಡಿನ ಕೆಳಗೆ ಕೂತು ಮಾಡುವ ಕೆಲಸಕ್ಕೆ ಭಯವಿಲ್ಲ. ನನ್ನ ಅಡಿಕೆ ಮರಗಳಿಗೂ ಇದನ್ನು ಹೇಳಬೇಕು ಅಂತಿದ್ದೆ. ಅವು ಹೊರಗೇ ನಿಂತಿದ್ದವು.

ಕಳೆದ ಮಳೆಗಾಲದಲ್ಲಿ ಮಳೆ ಬಿಡಲೇ ಇಲ್ಲ. ಎರಡು ಸಲ ಮದ್ದು ಬಿಟ್ಟರೆ ಸಾಕಾಗುತ್ತಿತ್ತು, ನಾಲ್ಕು ಸಲ ಬಿಡಿಸಿದೆ. ಮೈಲುತುತ್ತು, ಸುಣ್ಣ, ಮರ ಹತ್ತುವವರ ಸಂಬಳ, ಎಲ್ಲ ದುಪ್ಪಟ್ಟು. ಹಾಗಿದ್ದೂ ಕೊಳೆರೋಗಕ್ಕೆ ಅರ್ಧ ಅಡಿಕೆ ಉದುರಿತು. ಎಲ್ಲರ ತೋಟದಲ್ಲೂ ಉದುರಿದ್ದರಿಂದ ರೇಟು ಏರಿತು. ಅಡಿಕೆಗೆ ಬಂಪರ್ ಧಾರಣೆ ಅಂತ ಪೇಪರಿನಲ್ಲಿ ಬಂತು. ಊರಿನವರೆಲ್ಲ ಖುಷಿಯಿಂದ ಓದಿದರು. ಮಾರಲು ಅಡಿಕೆ ಇರಲಿಲ್ಲ, ಹಾಗಾಗಿ ಓದಲು ಪುರುಸೊತ್ತಿತ್ತು.

ಮೊನ್ನೆ ಪೆರ್ಲದಿಂದ ಭಾವ ಬಂದಿದ್ದರು. ನನ್ನ ಸಂಕಟ ಕೇಳಿ ಒಂದು ಉಪಾಯ ಹೇಳಿದರು.

"ಸುರಂಗದ ಬಾಯಿಗೆ ಒಂದು ಮೀಟರು ಇಡಿಸಿ ಭಾವ. ಲೀಟರಿಗೆ ಇಷ್ಟು ಅಂತ ನಿಮಗೆ ನೀವೇ ಬಿಲ್ಲು ಮಾಡಿ, ನೀವೇ ಕಟ್ಟಿ. ಅಜ್ಜನ ನೀರೂ ಲೆಕ್ಕಕ್ಕೆ ಬರ್ತದೆ."

ಮಾತು ಸರಿಯೆನಿಸಿತು. ಇಬ್ಬರೂ ಗುಡ್ಡ ಹತ್ತಿ ಹೋದೆವು. ಭಾವ ಮೊಬೈಲಿನ ಟಾರ್ಚ್ ಹಾಕಿದರು. ಒಳಗಿಂದ ಎರಡು ಬಾವಲಿ ಹೊರಗೆ ಹಾರಿದವು. ದಂಬೆ ಒಣಗಿ ಬಿರುಕು ಬಿಟ್ಟಿತ್ತು. ಮುರಕಲ್ಲಿನಿಂದ ನಿಮಿಷಕ್ಕೆ ನಾಲ್ಕು ಹನಿ ಬೀಳುತ್ತಿತ್ತು, ಭಾವ ಗಡಿಯಾರ ನೋಡಿಯೇ ಎಣಿಸಿದರು.

"ಬೇಡ ಭಾವ," ಅಂದರು, ಟಾರ್ಚ್ ಆರಿಸುತ್ತಾ. "ಮೀಟರಿನ ಬಾಡಿಗೆಗೂ ಹುಟ್ಲಿಕ್ಕಿಲ್ಲ."